ಮದಾರಾಳ ಅಂಕಪಟ್ಟಿ

೨೦೦೯ ಮೇ ೨೯, ಶುಕ್ರವಾರ

ಅಂಕಪಟ್ಟಿ ಹಂಚಿ ಮುಗಿಯಿತು. ಆರನೇ ತರಗತಿಯಲ್ಲಿ ಇರುವುದೇ ನಾಲ್ಕು ಜನ, ಹತ್ತು ನಿಮಿಷದ ಕೆಲಸ. ಮದಾರಾಳಿಗೆ ಇಂಗ್ಲಿಷಿನಲ್ಲಿ ಹತ್ತಕ್ಕೆ ಒಂಬತ್ತು. ನೋಡಿದಳು, ಮಡಚಿಟ್ಟುಕೊಂಡಳು, ಹೋದಳು. ಹತ್ತೇ ಸಿಗಬೇಕಿತ್ತು, ನನಗೂ ಗೊತ್ತು. ಆದರೆ ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಯಾರಿಗೂ ಹತ್ತು ಕೊಟ್ಟವಳಲ್ಲ ನಾನು. ಹೊಗಳಿದರೆ ತಲೆಗೇರುತ್ತದೆ ಎಂದು ನನ್ನ ಟೀಚರುಗಳು ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಬಂದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್ ಸ್ಕೈದ್ರೀತೆ ಪಂಚಾಯಿತಿಯ ಕಾಗದ ಓದಿದಳು. ಸೆಪ್ಟೆಂಬರ್ ಒಂದರಂದು ಮೂವತ್ತು ಮಕ್ಕಳಿದ್ದರೆ ಶಾಲೆ ಉಳಿಯುತ್ತದೆ. ಒಂದು ತಲೆ ಕಡಿಮೆಯಾದರೂ ಬೀಗ. ಪಟ್ಟಿ ಲೆಕ್ಕ ಹಾಕಿದೆವು — ಹೊಸದಾಗಿ ಸೇರುವವರನ್ನೂ ಸೇರಿಸಿ ಮೂವತ್ತೊಂದು. ಎಲ್ಲರೂ ಉಸಿರು ಬಿಟ್ಟರು. ರುಬಾರ್ಬ್ ಕೇಕ್ ಕತ್ತರಿಸಿದರು. ತಿಂದೆ.

ಜೂನ್ ೯

ಸರ್ಮಾ ಬಂದಿದ್ದಳು. ನಮ್ಮ ಶಾಲೆಯ ಅಡುಗೆಯವಳು, ಮದಾರಾಳ ತಾಯಿ. ನಾನು ರಷ್ಯನ್ ಕಲಿಸುತ್ತಿದ್ದ ಕಾಲದಲ್ಲಿ ನನ್ನದೇ ವಿದ್ಯಾರ್ಥಿನಿ. ಗಂಡ ಗುಂಟಿಸ್ ಎರಡು ವರ್ಷದಿಂದ ಲಾಟ್ವಿಯಾ ಬಿಟ್ಟು ಐರ್ಲೆಂಡಿನಲ್ಲಿ ಅಣಬೆ ಕೀಳುತ್ತಿದ್ದಾನೆ. ಈಗ ಇವಳೂ ಹೊರಟಿದ್ದಾಳೆ, ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು. ಮದಾರಾ, ಎರಡನೇ ತರಗತಿಯ ರೂತಾ.

ಅಲ್ಲಿನ ಹೈಸ್ಕೂಲೊಂದರಲ್ಲಿ ಮದಾರಾಳಿಗೆ ಒಂದು ಸೀಟು ಹಿಡಿದಿಟ್ಟಿದ್ದಾರಂತೆ. ಆಗಸ್ಟ್ ಇಪ್ಪತ್ತರೊಳಗೆ ಅಂಕಪಟ್ಟಿ ಇಂಗ್ಲಿಷಿನಲ್ಲಿ ತಲುಪಬೇಕು, ಶಾಲೆಯ ಸೀಲಿನೊಂದಿಗೆ. ಜೊತೆಗೆ ಟೀಚರ ಕೈಯ ಒಂದು ಪತ್ರ.

"ಅದು ಸಿಗದಿದ್ರೆ ನಾವು ಹೋಗೋ ಹಾಗಿಲ್ಲ ಟೀಚರ್. ಓದು ಕೆಡಿಸಿ ಕರ್ಕೊಂಡು ಹೋಗಲ್ಲ ಅಂತ ಗುಂಟಿಸ್‌ಗೆ ಹೇಳಿಬಿಟ್ಟಿದೀನಿ. ನಿಮ್ಮನ್ನ ಬಿಟ್ರೆ ಈ ಊರಲ್ಲಿ ಇಂಗ್ಲಿಷ್ ಬರೆಯೋರು ಯಾರಿದಾರೆ ಹೇಳಿ?"

ಬರೆದುಕೊಡುತ್ತೇನೆ ಎಂದೆ. ಕಾಫಿ ಕೊಟ್ಟೆ. ಬಾಗಿಲು ಹಾಕಿದ ಮೇಲೆ ಕಳೆಯುವ ಲೆಕ್ಕ ಮಾಡಿದೆ. ಮೂವತ್ತೊಂದರಲ್ಲಿ ಎರಡು ಹೋದರೆ ಇಪ್ಪತ್ತೊಂಬತ್ತು.

ಜೂನ್ ೨೪

ಊರೆಲ್ಲ ನಡುಬೇಸಿಗೆ ಹಬ್ಬದ ಮರುದಿನದ ನಿದ್ದೆಯಲ್ಲಿದೆ. ನಿನ್ನೆ ಬೆಂಕಿ ಹಾಕಿದ ಜಾಗದಲ್ಲಿ ಬಿಯರ್ ಬಾಟಲಿ, ಬಾಡಿದ ಹೂವಿನ ಕಿರೀಟಗಳು. ಸರ್ಮಾ ತಾನೇ ಮಾಡಿದ ಜೀರಿಗೆ ಚೀಸ್ ಬಾಗಿಲಲ್ಲಿಟ್ಟು ಹೋಗಿದ್ದಾಳೆ, ದುಂಡಗೆ, ಬಟ್ಟೆ ಸುತ್ತಿ. ಈ ಸಲ ದೊಡ್ಡದೇ ಇದೆ. ಕೆಲಸ ನೆನಪಿಸಲಿಕ್ಕೆ... ಅಲ್ಲ, ಪ್ರತಿ ವರ್ಷವೂ ಇಡುತ್ತಾಳೆ. ನನ್ನ ಬುದ್ಧಿಯೇ ಹೀಗಾಗಿದೆ.

ಜುಲೈ ೯

ಬರೆದೆ. ಹಳೆಯ ಪದಗಳ ನೋಟ್‌ಬುಕ್ ಹೊರತೆಗೆಯಬೇಕಾಯಿತು.

ಸೋವಿಯತ್ ಕಾಲ ಮುಗಿದು, ರಷ್ಯನ್ ಟೀಚರುಗಳು ಇನ್ನು ಬೇಡ, ಇಂಗ್ಲಿಷ್ ಕಲಿತು ಬನ್ನಿ ಎಂದ ವರ್ಷ ಶುರುಮಾಡಿದ ನೋಟ್‌ಬುಕ್ ಇದು. ಶನಿವಾರ ಶನಿವಾರ ಬಸ್ ಹಿಡಿದು ಪಟ್ಟಣಕ್ಕೆ. ಸೋಮವಾರ ಅದನ್ನೇ ಮಕ್ಕಳಿಗೆ. ಅವರಿಗಿಂತ ಒಂದು ಪಾಠ ಮುಂದಿದ್ದೆ, ಅಷ್ಟೇ ನನ್ನ ಪಾಂಡಿತ್ಯ. ಎಡಗಡೆ ಇಂಗ್ಲಿಷ್, ಬಲಗಡೆ ಲಾಟ್ವಿಯನ್. ಮೊದಲ ಅಧ್ಯಾಯವೇ ಓದು, ಕಲಿಕೆ. ಹೋಮ್‌ವರ್ಕ್ — ಮಾಯಸ್‌ದರ್ಬ್ಸ್. ಕಾಪಿ ಚೀಟಿ — ಶ್ಪಿಕೆರಿಸ್. ಉರು ಹೊಡೆಯುವುದಕ್ಕೆ ನಮ್ಮಲ್ಲಿ ಕಮ್ಮಾರ ಕಬ್ಬಿಣ ಬಡಿಯುವ ಮಾತೇ ಇದೆ, ಈಕಲ್ತ್. ಮೂವತ್ತೈದು ದಾಟಿದ ಹೆಂಗಸು ಹಾಗೆ ಬಡಿದುಕೊಂಡು ಕಲಿತೆ. ಒಂದು ಭಾಷೆ ಕಲಿಸಿದೆ, ಬೇಡ ಎಂದರು. ಇನ್ನೊಂದು ಕಲಿಸಿದೆ, ಕಲಿತವರೆಲ್ಲ ಊರು ಬಿಟ್ಟರು.

ಹಾಜರಾತಿ, ನಡತೆ, ಪ್ರಗತಿ. ಪದಗಳೆಲ್ಲ ಸಿಕ್ಕವು. ಪತ್ರ ಬರೆಯುವಾಗ ಕೈ ನಿಲ್ಲಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ವಿದ್ಯಾರ್ಥಿನಿ ಎಂದು ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದರಿಂದ ಸಂಕೋಚವಾಗಲಿಲ್ಲವೋ ಏನೋ. ನಮ್ಮ ಭಾಷೆಯಲ್ಲಿ ಬರೆಯುತ್ತಿರಲಿಲ್ಲ.

ಸ್ಕೈದ್ರೀತೆ ಎರಡಕ್ಕೂ ಸೀಲ್ ಹಾಕಿದಳು. ಆಮೇಲೆ ಕಿಟಕಿ ನೋಡುತ್ತ ಕೇಳಿದಳು: "ಇದನ್ನ ಕೊಡೋಕೆ ಅಂಥಾ ಅವಸರ ಏನಿಲ್ಲ ಅಲ್ವಾ ವೆಲ್ಗಾ?"

ಇಲ್ಲ ಎಂದೆ. ಇಬ್ಬರೂ ಸೇಬಿನ ಮರದ ಬಗ್ಗೆ ಮಾತಾಡಿದೆವು. ಕಾಗದಗಳನ್ನು ನೋಟ್‌ಬುಕ್ಕಿನ ಕಂದು ಹೊದಿಕೆ ಕಾಗದದ ಒಳಗೆ ಸಿಕ್ಕಿಸಿ ಶಾಲೆಯ ಬೀರುವಿನಲ್ಲಿಟ್ಟೆ.

ಜುಲೈ ೨೭

ಅಂಗಡಿ ಮುಂದೆ ಸರ್ಮಾ ಸಿಕ್ಕಳು, ಆಯಿತಾ ಎಂದಳು. ರೀಗಾದ ಸಚಿವಾಲಯದಿಂದ ಒಪ್ಪಿಗೆ ಬರಬೇಕು, ಈಗೆಲ್ಲ ಹೊಸ ನಿಯಮ ಎಂದೆ. ಸುಳ್ಳು ಎಷ್ಟು ನುಣ್ಣಗೆ ಬಂತು. "ನೀವಿದ್ದೀರಲ್ಲ, ನಂಗೇನು ಯೋಚ್ನೆ" ಎಂದು ಬಾಯಿತುಂಬ ನಕ್ಕು ಹೋದಳು.

ಐವತ್ತೆರಡಾಯಿತು ನನಗೆ. ಈ ಶಾಲೆ ಹೋದರೆ ಎಲ್ಲಿಗೆ ಹೋಗಲಿ? ಮೂರನೇ ಭಾಷೆ ಕಲಿಯಲೇ?

ಆಗಸ್ಟ್ ೧೩

ಜಾಮಿಗೆಂದು ತೋಟದಲ್ಲಿ ಕರಂಟ್ ಹಣ್ಣು ಬಿಡಿಸುತ್ತಿದ್ದೆ. ಮದಾರಾ ಗೇಟಿನಲ್ಲಿ. ಕೈಯಲ್ಲಿ ನಾಲ್ಕು ಪುಟ. ರೀಗಾ ತಡ ಮಾಡುತ್ತಿದೆ ಎಂದು ಡಿಕ್ಷನರಿ ಇಟ್ಟುಕೊಂಡು ತಾನೇ ಅಂಕಪಟ್ಟಿಯನ್ನು ಇಂಗ್ಲಿಷಿಗೆ ತಂದಿದ್ದಾಳೆ. ತಪ್ಪಿದ್ದರೆ ತಿದ್ದಿಕೊಡಿ ಎಂದಳು. ಮೂರೇ ಮೂರು ತಪ್ಪು. ತಿದ್ದಿದೆ, ಕೆಂಪು ಇಂಕಿನಲ್ಲಿ. ತಿದ್ದಿಯೂ ಹೇಳಿದೆ — ಸೀಲ್ ಇಲ್ಲದೆ ಇದು ನಡೆಯುವುದಿಲ್ಲ.

"ಸೀಲ್ ಹೆಡ್‌ಮಿಸ್ಟ್ರೆಸ್ ಡ್ರಾಯರಲ್ಲೇ ಇರತ್ತಲ್ವಾ ಟೀಚರ್?"

ಇದಕ್ಕೆ ಬೇಕಾದ ಸೀಲ್ ಬೇರೆ ಎಂದೆ. ನನ್ನನ್ನೇ ನೋಡಿದಳು. ಥ್ಯಾಂಕ್ಸ್ ಹೇಳಿ ಹೋದಳು. ಹಣ್ಣು ಅರ್ಧಕ್ಕೇ ಬಿಟ್ಟೆ. ಜಾಮ್ ಮಾಡುವ ಮನಸ್ಸಾಗಲಿಲ್ಲ.

ಆಗಸ್ಟ್ ೨೧

ನಿನ್ನೆ ಇಪ್ಪತ್ತು.

ಸೆಪ್ಟೆಂಬರ್ ೧

ಶಾಲೆ ಶುರು. ಅಂಗಳದಲ್ಲಿ ಸಾಲು ನಿಲ್ಲಿಸಿ ಸ್ಕೈದ್ರೀತೆ ತಾನೇ ಎಣಿಸಿದಳು, ತುಟಿ ಅಲ್ಲಾಡಿಸುತ್ತ. ಮೂವತ್ತೊಂದು. ನನ್ನ ಭುಜ ಒತ್ತಿದಳು.

ಮೇಜಿನ ತುಂಬ ಹೂ. ಗ್ಲಾಡಿಯೋಲಸ್, ಡೇಲಿಯಾ. ಮದಾರಾ ತಂದದ್ದು ಆಸ್ಟರ್, ನೇರಳೆ ಬಣ್ಣದ್ದು, ಅವರ ತೋಟದ್ದೇ. ಎಲ್ಲರ ಹಾಗೆ ಮಂಡಿ ಬಗ್ಗಿಸಿ ಕೊಟ್ಟಳು. ಸೀಟು ಬೇರೆಯವರಿಗೆ ಹೋಯಿತಂತೆ. ಗುಂಟಿಸ್ ಫೋನಿನಲ್ಲಿ ಕೂಗಾಡಿದನಂತೆ, ಹೆಂಡತಿಯ ಮೇಲೆ. ಅಡುಗೆಮನೆಯಲ್ಲಿ ಸರ್ಮಾಳ ಕಣ್ಣು ಊದಿತ್ತು. ರೀಗಾದವರಿಗೆ ಶಾಪ ಹಾಕುತ್ತ ನನ್ನ ತಟ್ಟೆಗೆ ಇನ್ನೊಂದು ಕಟ್ಲೆಟ್ ಹಾಕಿದಳು. ನಾಚಿಕೆಯಾಯಿತು. ಶಾಲೆ ಉಳಿಯಿತಲ್ಲ ಎಂದೂ ಅನಿಸಿತು. ಎರಡೂ ಒಟ್ಟಿಗೇ.

ಸೆಪ್ಟೆಂಬರ್ ೨೪

ಮುಗಿಯಿತು.

ಜುಲೈಯಲ್ಲೇ ನಮ್ಮ ಪಂಚಾಯಿತಿಯನ್ನು ಪಕ್ಕದ ಐದರ ಜೊತೆ ಸೇರಿಸಿ ದೊಡ್ಡ ಮಂಡಳಿ ಮಾಡಿದ್ದರು. ಬೋರ್ಡು ಬದಲಾಯಿಸಿದ್ದಾರೆ ಎಂದುಕೊಂಡಿದ್ದೆವು. ಇವತ್ತು ಪಟ್ಟಣದಿಂದ ಒಬ್ಬ ಬಂದ, ಹೊಸ ಕೋಟು, ಚಿಕ್ಕ ವಯಸ್ಸು. ಕ್ರಿಸ್‌ಮಸ್ ರಜೆಗೆ ಶಾಲೆ ಮುಚ್ಚುತ್ತದೆ, ಮಕ್ಕಳಿಗೆ ಪಟ್ಟಣಕ್ಕೆ ಬಸ್. ಸ್ಕೈದ್ರೀತೆ ಪಂಚಾಯಿತಿಯ ಆ ಹಳೆಯ ಕಾಗದ ಹಿಡಿದು ಓಡಿಬಂದಳು, ಮೂವತ್ತು ಅಂತ ಮಾತು ಕೊಟ್ಟಿದ್ದಿರಿ, ಮೂವತ್ತೊಂದು ಇದ್ದಾರೆ ಎಂದು.

"ಮಾತು ಕೊಟ್ಟಿದ್ದು ಹಳೇ ಪಂಚಾಯ್ತಿ ಮೇಡಂ. ಆ ಪಂಚಾಯ್ತಿನೇ ಈಗಿಲ್ಲ."

ಸೌಮ್ಯವಾಗಿಯೇ ಹೇಳಿದ, ಪಾಪ. ಹೋಗುವಾಗ ಕಾರಿಡಾರಿನಲ್ಲಿದ್ದ ಮಕ್ಕಳಿಗೆಲ್ಲ ಕೈ ಬೀಸಿದ. ಯಾರನ್ನೂ ಎಣಿಸಲೇ ಇಲ್ಲ.

ಐದಾರು ವಾರ ಮೊದಲೇ ಬಂದು ಸತ್ತಿದ್ದರೆ? ಆಗಸ್ಟ್ ಇಪ್ಪತ್ತಕ್ಕೆ ಮೊದಲು? ಇಲ್ಲ, ಅವನ ಮೇಲೆ ಹಾಕುವುದು ಬೇಡ. ಪತ್ರ ಇದ್ದದ್ದು ನನ್ನ ಬೀರುವಿನಲ್ಲಿ.

ನವೆಂಬರ್ ೧೬

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು. ಪಟ್ಟಣದ ಶಾಲೆಗಳಿಗೆ ಅರ್ಜಿ ಹಾಕಿದೆ. ಎರಡು ಕಡೆ ಉತ್ತರವಿಲ್ಲ. ಒಂದು ಕಡೆ, ನಿಮ್ಮ ಅನುಭವ ಅಪಾರ, ಆದರೆ.

ಇವತ್ತು ಸರ್ಮಾ ಹೇಳಿದಳು: ಜನವರಿಗೆ ಹೊರಡುತ್ತಾರೆ. ಇಲ್ಲಿ ಅಡುಗೆಮನೆಯೂ ಇಲ್ಲ ಎಂದ ಮೇಲೆ ಹಟ ಹಿಡಿದು ಏನು. ಮದಾರಾಳಿಗೆ ಹೈಸ್ಕೂಲು ಸಿಗಲಿಲ್ಲ. ಪ್ರೈಮರಿಯ ಕೊನೆಯ ತರಗತಿಗೆ ಹಾಕಿಕೊಳ್ಳುತ್ತಾರಂತೆ, ತನಗಿಂತ ಚಿಕ್ಕವರ ಜೊತೆ, ವರ್ಷದ ನಡುವೆ. ಓದಿದ್ದನ್ನೇ ಮತ್ತೆ ಓದಬೇಕು.

ಆಮೇಲೆ ಕೈ ಒರೆಸಿಕೊಂಡು ಹತ್ತಿರ ಕೂತಳು.

"ಟೀಚರ್, ನೀವೂ ನಮ್ ಜೊತೆ ಬಂದ್ಬಿಡಿ. ಗುಂಟಿಸ್ ಹತ್ರ ಮಾತಾಡಿದೀನಿ. ಪ್ಯಾಕಿಂಗ್ ಶೆಡ್ಡಲ್ಲಿ ಇಂಗ್ಲಿಷ್ ಬರೋರು ಒಬ್ರು ಬೇಕಂತೆ. ಅಷ್ಟು ಮಾಡಿದೀರಿ ನಮಗೆ, ನಿಮ್ಮನ್ನ ಇಲ್ಲಿ ಒಬ್ರನ್ನೇ ಬಿಟ್ಟು ಹೆಂಗೆ ಹೋಗ್ಲಿ?"

ಯೋಚಿಸುತ್ತೇನೆ ಎಂದೆ. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಿಸೆಂಬರ್ ೧೭

ಬೀರು ಖಾಲಿ ಮಾಡುವ ಕೆಲಸ. ಮ್ಯಾಪು, ಟೇಪು, ಮುರಿದ ಗ್ಲೋಬು. ಮದಾರಾ ಸಹಾಯಕ್ಕೆ ನಿಂತಳು. ಪದಗಳ ನೋಟ್‌ಬುಕ್ಕನ್ನು ಅವಳಿಗೆ ಕೊಟ್ಟೆ. ಇಟ್ಟುಕೋ, ನನಗಿನ್ನು ಏಕೆ ಎಂದೆ. ಮೊದಲ ಪುಟ ತೆರೆದು ನಿಂತಲ್ಲೇ ಓದತೊಡಗಿದಳು. ಏನಾದರೂ ಕೊಟ್ಟೆನಲ್ಲ ಎಂದು ಎಷ್ಟೋ ದಿನದ ಮೇಲೆ ಹಗುರಾಯಿತು. ಶೆಡ್ಡಿನ ಕೆಲಸಕ್ಕೆ ಹೂಂ ಎಂದು ಸರ್ಮಾಗೂ ಹೇಳಿದೆ.

ಡಿಸೆಂಬರ್ ೧೮, ಶುಕ್ರವಾರ. ಸಂಜೆ ನಾಲ್ಕೂವರೆ

ಕೊನೆಯ ದಿನ. ಬೆಳಿಗ್ಗೆ ಕ್ರಿಸ್‌ಮಸ್ ಮರದ ಸುತ್ತ ಮಕ್ಕಳ ಹಾಡಾಯಿತು. ಸ್ಕೈದ್ರೀತೆ ಭಾಷಣ ಮುಗಿಸಲಾರದೆ ಕೂತಳು. ಎಲ್ಲರೂ ಹೋದ ಮೇಲೆ ಮದಾರಾ ಉಳಿದಳು.

ನೋಟ್‌ಬುಕ್ಕಿಗೆ ಹೊಸ ಹೊದಿಕೆ ಕಾಗದ ಹಾಕಿದ್ದಾಳೆ, ನೀಲಿ. ಹಳೆಯದು ಹರಿದಿತ್ತು, ಅದಕ್ಕೇ ಬಿಚ್ಚಿದೆ ಎಂದಳು. ಒಳಗಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟಳು. ಸೀಲ್ ಇದ್ದವು. ಅವು ಅಲ್ಲಿವೆ ಎಂಬುದು ನನಗೆ ಮರೆತೇ ಹೋಗಿತ್ತು. ಮರೆಯಲು ಐದು ತಿಂಗಳು ಕಷ್ಟಪಟ್ಟಿದ್ದೆ ಎನ್ನಬೇಕು.

"ಇಪ್ಪತ್ತೊಂಬತ್ತು ವರ್ಷದಲ್ಲಿ ನಾನೇ ಅತ್ಯುತ್ತಮ ಅಂತ ಬರೆದಿದೀರಿ. ನಿಜವಾ ಟೀಚರ್?"

"ನಿಜ."

"ಕೆಳಗೆ ಜುಲೈ ಒಂಬತ್ತು ಅಂತಿದೆ. ಅದೂ ನಿಜವಾ?"

ಹೌದೆಂದು ತಲೆ ಆಡಿಸಿದೆ. ಅಳಲಿಲ್ಲ, ಹುಡುಗಿ. ಅಮ್ಮನಿಗೆ ನಾನು ಹೇಳಿಲ್ಲ, ನೀವೇ ಹೇಳಿ, ಟಿಕೆಟ್ ತೆಗೆಯುವ ಮೊದಲು ಹೇಳಿ ಎಂದಳು. ನೋಟ್‌ಬುಕ್ ತೆಗೆದುಕೊಂಡು ಹೋದಳು. ಪತ್ರ ಬಿಟ್ಟುಹೋದಳು.

ಸರ್ಮಾ ಐದಕ್ಕೆ ನನ್ನ ಮನೆಗೆ ಬರುತ್ತಾಳೆ, ಟಿಕೆಟ್ಟಿಗೆ ನನ್ನ ಪಾಸ್‌ಪೋರ್ಟ್ ನಂಬರ್ ಬರೆದುಕೊಳ್ಳಲು. ಒಲೆಯಿಂದ ತೆಗೆದ ಮೊದಲ ಪೀರಾಗಿ ಬನ್ನುಗಳನ್ನು ಬಿಸಿಬಿಸಿ ತರುತ್ತೇನೆ, ಊಟ ಮಾಡಬೇಡಿ ಎಂದಿದ್ದಳು. ಪಾಸ್‌ಪೋರ್ಟ್ ಮೇಜಿನ ಮೇಲಿದೆ. ಪತ್ರವೂ ಇದೆ. ಒಂದನ್ನು ಒಳಗಿಡಬಹುದು. ಒಲೆಯಲ್ಲಿ ಬೆಂಕಿಯೂ ಇದೆ. ಮದಾರಾ ತಾನಾಗಿ ಹೇಳುವವಳಲ್ಲ, ಅದು ನನಗೆ ಗೊತ್ತು... ಅದು ಗೊತ್ತಿರುವುದೇ ಕಷ್ಟ.

ಮೆಟ್ಟಿಲ ಮೇಲೆ ಬೂಟಿನ ಹಿಮ ಕೊಡವುವ ಸದ್ದು. ಹೇಗೆ ಶುರು ಮಾಡುವುದೆಂದು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮಾತು ಹೊರಡುವುದಿಲ್ಲ. ಸರ್ಮಾ, ಕೂತ್ಕೋ. ತಟ್ಟೆ ಆಮೇಲಿಡು. ರೀಗಾದಿಂದ ಏನೂ