ಕುರ್ಚಿಯ ಬೆನ್ನಿಗಿದ್ದ ಬಟ್ಟೆ

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ

ನನ್ನ ಚೂಟಿಗೆ,

ಅಮ್ಮ ಮಾಡುವ ಆಶೀರ್ವಾದಗಳು ಎಂದು ಶುರು ಮಾಡಬೇಕು. ನನ್ನಮ್ಮ ನನಗೆ ಹಾಗೇ ಬರೆಯುತ್ತಿದ್ದಳು. ಎರಡು ಹಾಳೆ ಹಾಗೆ ಶುರು ಮಾಡಿ ಹರಿದು ಹಾಕಿದೆ. ಆಶೀರ್ವಾದ ಮಾಡುವ ಜಾಗದಲ್ಲಿ ನಾನೀಗ ಇಲ್ಲ.

ನಿನ್ನ ವಿಳಾಸ ಕೊಟ್ಟದ್ದು ನಿನ್ನ ಸೋದರತ್ತೆ. ಅವಳ ಮೇಲೆ ಸಿಟ್ಟಾಗಬೇಡ. ಮೂರು ಸಲ ಇಲ್ಲ ಅಂದಳು. ನಾನು ಏನು ಬರೆಯಬೇಕೆಂದಿದ್ದೇನೆ ಎಂದು ಹೇಳಿದ ಮೇಲೆ ಚೀಟಿಯಲ್ಲಿ ಬರೆದುಕೊಟ್ಟಳು. ನೀನು ಆ ಊರಿನಲ್ಲಿ ಆಂಬುಲೆನ್ಸ್ ಓಡಿಸುತ್ತೀಯ ಎಂದೂ ಅವಳೇ ಹೇಳಿದ್ದು. ಕೇಳಿ ನಾನು ಅವಳ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಇನ್ನು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವುದಿಲ್ಲ ಅಂದುಕೊಂಡಿದ್ದೆ. ನಿನ್ನ ವಿಷಯದಲ್ಲಿ ನಾನು ಅಂದುಕೊಂಡದ್ದು ಯಾವುದು ತಾನೇ ಸರಿಯಾಗಿದೆ?

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಮುಂದೆ ಓದದೆ ಮಡಚಿಟ್ಟರೂ ಇದಿಷ್ಟು ನಿನಗೆ ತಲುಪಲಿ.

ನಾಲ್ಕು ವರ್ಷದ ಹಿಂದೆ ಆ ದಿನ ನಿನ್ನ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ್ದು ನೀನಲ್ಲ, ನಾನು. ನೀನು ನೀಲಿ ಅಂಗಿಯನ್ನೂ ಕಪ್ಪು ಪ್ಯಾಂಟನ್ನೂ ಅಡುಗೆಮನೆಯ ಕುರ್ಚಿಯ ಬೆನ್ನಿಗೆ ಹಾಕಿ, "ಅಮ್ಮ, ಇದನ್ನ ಮುಟ್ಬೇಡ" ಎಂದು ಹೇಳಿಯೇ ಬಚ್ಚಲಿಗೆ ಹೋಗಿದ್ದೆ. ನಿನಗೆ ಎಲ್ಲ ಸರಿಯಾಗಿಯೇ ನೆನಪಿತ್ತು. ನಿನಗೆ ಆ ಹೊತ್ತಿನ ಜ್ಞಾಪಕ ಕಲಸಿಹೋಗಿದೆ ಎಂದು ನಿನ್ನನ್ನು ನಂಬಿಸಿದವಳು ನಾನು.

ಈಗ ಉಳಿದದ್ದು.

ಆ ಭಾನುವಾರ ನೀನು ಮನೆಗೆ ಬಂದಾಗ ಹನ್ನೊಂದು ಗಂಟೆ ಇರಬೇಕು. ಅಪ್ಪ ಹೊಲಿಗೆ ಅಂಗಡಿಯಲ್ಲಿದ್ದರು. ನಾನು ಒಲೆಯ ಮುಂದೆ ಇದ್ದೆ. ನೀನು ಚಪ್ಪಲಿ ಬಿಡದೆ ಒಳಗೆ ಬಂದೆ, ಅಂದರೆ ಏನೋ ಆಗಿದೆ ಎಂದು ನಿನ್ನ ಕಾಲು ನೋಡಿಯೇ ಗೊತ್ತಾಯಿತು. ಡ್ರೈವಿಂಗ್ ಮೇಷ್ಟ್ರು ಇವತ್ತು ಊರಾಚೆಯ ಹೊಸ ರಸ್ತೆಗೆ ಕರೆದುಕೊಂಡು ಹೋದರು ಎಂದೆ. ಆಮೇಲೆ ಆದದ್ದನ್ನು ಹೇಳಿದೆ. ಅಳಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಹೇಳುವ ಹಾಗೆ ಒಂದಾದ ಮೇಲೊಂದು ಹೇಳಿದೆ. ಎಲ್ಲ ಹೇಳಿ ಮುಗಿಸಿದ ಮಗಳಿಗೆ ತಾಯಿಯಾದವಳು ಕೇಳಿದ ಮೊದಲ ಮಾತು ಏನು? "ಊರಾಚೆಗೆ ನೀನ್ಯಾಕೆ ಒಪ್ಕೊಂಡೆ?"

ಆ ಮನುಷ್ಯನನ್ನು ಹುಡುಕಿ ತಂದದ್ದು ನಾನೇ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಮ್ಮ ಆಸ್ಪತ್ರೆಯ ಡ್ರೈವರುಗಳೆಲ್ಲ ಅವನನ್ನು ಹಸುವಿನಂಥ ಮನುಷ್ಯ ಎಂದಿದ್ದರು. ನಾನೂ ನಿನ್ನ ಹತ್ತಿರ ಹಾಗೇ ಹೇಳಿದ್ದೆ. "ಅವರ ಮುಂದೆ ಎದುರು ಮಾತಾಡ್ಬೇಡ, ಹೇಳಿದ ಹಾಗೆ ಕೇಳು" ಎಂದು ಬುದ್ಧಿ ಹೇಳಿ ಕಳಿಸಿದವಳೂ ನಾನೇ. ಹೇಳಿದ ಹಾಗೆ ಕೇಳಿದ್ದಕ್ಕೆ, ಯಾಕೆ ಕೇಳಿದೆ ಎಂದೆ.

ಆಮೇಲೆ, ಮೊದಲು ಸ್ನಾನ ಮಾಡು ಎಂದು ನಿನ್ನನ್ನು ಬಚ್ಚಲಿಗೆ ನೂಕಿದೆ. ನನ್ನ ಮಾತು ಕೇಳಿ ನೀನು ಹೋದೆ. ನೀರಿನ ಶಬ್ದ ಶುರುವಾಯಿತು. ಕುರ್ಚಿಯ ಮೇಲಿನ ಬಟ್ಟೆ ನೋಡಿದೆ. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಕಲೆ ಬಿಡಿಸಿದ ಕೈ ಇದು. ಕಲೆ ಕಂಡರೆ ತಣ್ಣೀರು, ಸೋಪು, ತಿಕ್ಕು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ನೀನು ಬಾಗಿಲು ತೆಗೆದು, "ಅಮ್ಮ, ಬಟ್ಟೆ ಎಲ್ಲಿ?" ಎಂದಾಗ ಬಾಯಿಯೂ ತನ್ನಷ್ಟಕ್ಕೆ ಆಡಿತು: "ನೀನೇ ಬಕೆಟ್ಟಿಗೆ ಹಾಕಿದ್ಯಲ್ಲೇ."

ಹಟ ಮಾಡಿ ನೀನು ಠಾಣೆಗೆ ಹೊರಟೆ. ನಾನೂ ಜೊತೆಗೆ ಬಂದೆ. ಊರಿಗೆ ಕಾಣುವಂತೆ ತಾಯಿ ಜೊತೆಗಿದ್ದಳು! ಆ ಸಾಹೇಬರು ಪೆನ್ನಿನ ತುದಿ ಕಚ್ಚುತ್ತ ಕೇಳಿದ್ದು ನಿನಗೆ ಮರೆತಿರಲಿಕ್ಕಿಲ್ಲ: "ಗಾಡಿ ನಿನ್ನ ಕೈಯಲ್ಲೇ ಇತ್ತಲ್ಲಮ್ಮ. ತಿರುಗಿಸ್ಕೊಂಡು ಬರೋಕೆ ಏನಾಗಿತ್ತು?" ನೀನು ಎಷ್ಟು ಚೆನ್ನಾಗಿ ಹೇಳಿದೆ: "ಸಾರ್, ಕಲಿಸೋ ಗಾಡಿಯಲ್ಲಿ ಅವರ ಕಾಲಡಿಗೂ ಒಂದು ಬ್ರೇಕ್ ಇರತ್ತೆ. ನಾನು ಎಷ್ಟು ಓಡ್ಸಿದ್ರೂ ಅವರು ನಿಲ್ಲಿಸ್ಬಹುದು." ನನ್ನ ಎದೆ ಹೆಮ್ಮೆಯಿಂದ ಒಂದು ಕ್ಷಣ ಉಬ್ಬಿತು, ಸುಳ್ಳಲ್ಲ. ಮರುಕ್ಷಣವೇ ಅವರು ಬಟ್ಟೆ ಕೇಳಿದರು. ನಾನು ಮುಂದೆ ಬಂದು, "ಅವಳೇ ನೆನೆಸಿಬಿಟ್ಟಿದ್ಲು ಸಾರ್" ಎಂದೆ. ನೀನು ಕತ್ತು ತಿರುಗಿಸಿ ನನ್ನನ್ನು ನೋಡಿದೆ. ಬರೆದುಕೊಂಡ ಹೇಳಿಕೆಯ ಕೆಳಗೆ ನಾನು ಸಹಿ ಹಾಕಿದೆ.

ಅಲ್ಲಿಂದ ಮುಂದೆ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿತು. ನಿಜವಾಗಿದ್ದರೆ ಯಾರಾದರೂ ತೊಳೆಯುತ್ತಾರಾ? ಸಾಹೇಬರು ಕೇಳಿದರು, ಪಕ್ಕದ ಮನೆಯವರು ಕೇಳಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಆ ಬೆಂಕಿ ಅವನದು ಎಂದು ಮಾತ್ರ ಯಾರೂ ಹೇಳಲಿಲ್ಲ. ಕೊನೆಗೆ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಅಪ್ಪನೂ ಅದನ್ನೇ ಕೇಳಿದರು. ಆಗ ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅದರ ಬದಲು ನಿನಗೆ ಗಾದೆ ಹೇಳಿದೆ: ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ, ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ ಮಗಳೇ, ಇನ್ನು ಬಿಟ್ಟುಬಿಡು. ನೀನು ಬಿಟ್ಟೆ. ಕೇಸನ್ನಲ್ಲ, ನಮ್ಮನ್ನು. ಕೇಸು ಸಾಕ್ಷಿಯಿಲ್ಲದೆ ತಾನೇ ಮುಚ್ಚಿಹೋಯಿತು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದೀಯ ಎಂದು ಕೇಳುತ್ತೀಯ. ಕೇಳಬೇಕಾದ್ದೇ.

ಮೂರು ವಾರದ ಹಿಂದೆ ತುರ್ತು ವಿಭಾಗದಿಂದ ಬಂದ ಹೊದಿಕೆಗಳ ರಾಶಿಯಲ್ಲಿ ಒಂದು ಕಂದು ಕಾಗದದ ಚೀಲ ಸಿಕ್ಕಿತು. ನಮ್ಮ ಲಾಂಡ್ರಿಗೆ ಏನೇನೋ ಬರುತ್ತದೆ, ನಿನಗೆ ಗೊತ್ತು. ಕನ್ನಡಕ, ಕಟ್ಟಿದ ಹಲ್ಲು, ಒಮ್ಮೆ ದೊಡ್ಡ ಡಾಕ್ಟರ ಕೋಟಿನ ಜೇಬಿನಲ್ಲಿ ಅರ್ಧ ತಿಂದ ಬಿಸ್ಕತ್ತು. ಆದರೆ ಕಂದು ಚೀಲ ಬರಕೂಡದು. ಅದು ಸಾಕ್ಷಿಯ ಬಟ್ಟೆ ತುಂಬಿ ಪೊಲೀಸರಿಗೆ ಕೊಡುವಂಥದ್ದು. ಯಾರೋ ಕೈತಪ್ಪಿ ಹಾಕಿದ್ದರು. ಜೊತೆಯಲ್ಲಿ ಕೆಲಸ ಮಾಡುವ ದೊಡ್ಡಕ್ಕ ಅದನ್ನು ನೋಡದೆ ರಾಶಿಯ ಸಮೇತ ಯಂತ್ರದೊಳಕ್ಕೆ ತುಂಬುತ್ತಿದ್ದಳು. ನಾನು ಓಡಿಹೋಗಿ ಕಿತ್ತುಕೊಂಡೆ. ಎಷ್ಟು ಜೋರಾಗಿ ಎಂದರೆ ಅವಳ ಬಳೆ ಒಡೆಯಿತು. "ಏನಾಯ್ತೇ ನಿಂಗೆ?" ಎಂದು ಅವಳು ಬೈಯುತ್ತಲೇ ಇದ್ದಳು. ನಾನು ಚೀಲವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ನಿಂತೆ. ಅಷ್ಟರಲ್ಲಿ ಒಬ್ಬಳು ನರ್ಸ್ ಏದುಸಿರು ಬಿಡುತ್ತ ಬಂದಳು. "ಅಮ್ಮಾ, ತೊಳೆದುಬಿಟ್ರಾ?" ಎಂದಳು. "ತೊಳೆದಿಲ್ಲ ಮಗಾ" ಎಂದೆ. ಅವಳು ಅಲ್ಲೇ ಅತ್ತಳು.

ಚೀಲ ಎಲ್ಲಿತ್ತು, ಯಾರ ಕೈಗೆ ಬಂತು ಎಂದು ಬರೆದು ಸಹಿ ಹಾಕಬೇಕಿತ್ತು. ಅವಳ ಜೊತೆ ಮೇಲೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಆಸ್ಪತ್ರೆಯ ಹಸಿರು ನಿಲುವಂಗಿ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ತಾಯಿ. ಆ ತಾಯಿ ತಗ್ಗಿದ ದನಿಯಲ್ಲಿ, ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು: "ಡ್ರೈವಿಂಗ್ ಕಲಿಯೋಕೆ ಹೋದೋಳು ಅಷ್ಟು ದೂರ ಯಾಕೆ ಹೋದೆ? ಬರಲ್ಲ ಅನ್ನೋಕೆ ಬಾಯಿರಲಿಲ್ವಾ?"

ಅವನೇ. ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮೂರಿನಲ್ಲಿ ಇನ್ನೂ ಅವನೇ ಕಲಿಸುತ್ತಿದ್ದ. ಕಲಿಸಲು ಬಿಟ್ಟವಳು ನಾನು. ನಿನ್ನನ್ನು ಎಲ್ಲರೂ ಸೇರಿ ಯಾಕೆ ಹೋದೆ, ಯಾಕೆ ನಕ್ಕೆ, ಯಾಕೆ ಕೂಗಲಿಲ್ಲ ಎಂದು ಕೇಳಿ ನಿನ್ನ ಮೇಲೇ ಹೊಣೆ ಹೊರಿಸಿದೆವು. ಈ ಹುಡುಗಿಯ ಹೊಣೆ ಯಾರು ಹೊರಬೇಕು? ಮಾಡಿದವನು ಅವನು; ಅದರಲ್ಲಿ ಒಂದು ಕೂದಲೆಳೆಯನ್ನೂ ಕಡಿಮೆ ಮಾಡುವುದಿಲ್ಲ. ಆದರೆ ಅವನಿಗೆ ಮತ್ತೆ ಗಾಡಿಯ ಬಾಗಿಲು ತೆಗೆದುಕೊಟ್ಟದ್ದು ನನ್ನ ಸಹಿ.

ನಾನು ಆ ತಾಯಿಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. "ಅದನ್ನ ಕೇಳಬೇಡ ಕಣಮ್ಮ" ಎಂದೆ. "ನಾನು ಕೇಳಿದ್ದೆ. ನಾಲ್ಕು ವರ್ಷ ಆಯ್ತು, ಮಗಳು ನನ್ನ ಫೋನ್ ಎತ್ತಲ್ಲ." ಅವಳು ಕೈ ಕೊಡವಿಕೊಂಡಳು. "ನೀವ್ಯಾರ್ರೀ ಹೇಳೋಕೆ?" ಎಂದು ಸಿಡುಕಿದಳು. ನ್ಯಾಯವೇ. ಆದರೆ ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು.

ಮರುದಿನ ರಜೆ ಹಾಕಿ ಠಾಣೆಗೆ ಹೋದೆ. ಈಗ ಅಲ್ಲಿರುವ ಅಧಿಕಾರಿ ಹೆಂಗಸು, ನಿನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಎಲ್ಲ ಹೇಳಿದೆ. ಬಟ್ಟೆ ತೊಳೆದವಳು ನಾನು, ಅಂದು ಕೊಟ್ಟ ಹೇಳಿಕೆ ಸುಳ್ಳು ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು: "ಇಷ್ಟು ದಿನ ಯಾಕೆ ಸುಮ್ನಿದ್ರಿ?" ಎಲ್ಲರೂ ನಿನ್ನನ್ನು ಕೇಳಿದ್ದ ಅದೇ ಯಾಕೆ, ನಾಲ್ಕು ವರ್ಷ ಅಲೆದು, ಸರಿಯಾದ ವಿಳಾಸಕ್ಕೆ ಬಂದು ಮುಟ್ಟಿತು. ಸುಳ್ಳು ಹೇಳಿಕೆಗೆ ನಿಮ್ಮ ಮೇಲೂ ಕೇಸಾಗಬಹುದು, ಕೆಲಸಕ್ಕೂ ತೊಂದರೆಯಾಗಬಹುದು ಎಂದು ಎಚ್ಚರಿಸಿದಳು. ಆಗಲಿ ಎಂದೆ. ಅವನನ್ನು ಹಿಡಿದಿದ್ದಾರೆ. ಈ ಸಲ ಬಟ್ಟೆ ಇದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಕತ್ತರಿ ಹಿಡಿದಿದ್ದರು, ಯಾರದೋ ಕೋಟಿನ ತೋಳನ್ನು ಅರ್ಧ ಕತ್ತರಿಸಿದ್ದರು. ಕತ್ತರಿ ಕೆಳಗಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಆ ಮಾತು ನನ್ ಬಾಯಿಂದ ಬರೋವಾಗ ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲೇ" ಎಂದರು. ಅಷ್ಟೇ. ಅಂದಿನಿಂದ ನನ್ನೊಡನೆ ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ, ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಎರಡು ದಿನದ ಹಿಂದೆ ನೋಡಿದರೆ ಅಂಗಡಿಯ ಮೂಲೆಯಲ್ಲಿ ಕೂತು ಅವರೂ ನಿನಗೆ ಏನೋ ಬರೆಯುತ್ತಿದ್ದರು. ನನ್ನನ್ನು ಕಂಡು ಹಾಳೆಯನ್ನು ಬಟ್ಟೆಯ ಕೆಳಗೆ ಸರಿಸಿದರು. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಅವರ ಮಾತನ್ನು ಅವರೇ ಹೇಳಲಿ.

ಆ ಅಧಿಕಾರಿ ನಿನ್ನ ಕೇಸನ್ನೂ ಮತ್ತೆ ತೆರೆಯಲು ಕೇಳಬಹುದಂತೆ. ನೀನು ಬರಲೇಬೇಕೆಂದಿಲ್ಲ, ಬಾರದಿದ್ದರೆ ತಪ್ಪೂ ಅಲ್ಲ ಎಂದು ಅವಳೇ ಎರಡು ಸಲ ಹೇಳಿದಳು. ಅವಳ ಫೋನ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ನನ್ನ ಕಾಗದ ಹರಿದರೂ ಅದು ಉಳಿಯಲಿ ಎಂದು. ಬೇಕೆನಿಸಿದರೆ ಮಾಡು, ಬೇಡವೆನಿಸಿದರೆ ಬೇಡ. ಈ ಸಲ ನಿನಗೆ ಯಾರೂ ಬುದ್ಧಿ ಹೇಳುವುದಿಲ್ಲ. ಹೇಳಲು ಬಂದವರಿಗೆ ನಾನು ಉತ್ತರ ಕೊಡುತ್ತೇನೆ. ಮೊನ್ನೆ ಪಕ್ಕದ ಮನೆಯವರಿಗೆ ಕೊಟ್ಟೆ, ಅವರೀಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ಅದನ್ನೂ ನೀನೇ ಹೊರಬೇಕಾಗುತ್ತದೆ. ಹೊತ್ತದ್ದು ಸಾಕು. ಗಾಡಿ ಓಡಿಸುವಾಗ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನು.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಮೇಲೆ, ಕೈ ತನ್ನಷ್ಟಕ್ಕೆ ಕೆಲಸ ಮಾಡಿತು ಎಂದು ಬರೆದಿದ್ದೇನಲ್ಲ, ಅದೂ ಸುಳ್ಳು. ಅಧಿಕಾರಿಯ ಮುಂದೆಯೂ ಹಾಗೇ ಹೇಳಿ ಬಂದಿದ್ದೆ. ನಾಳೆ ಹೋಗಿ ತಿದ್ದಿಸುತ್ತೇನೆ. ಕೈಗೆ ಎಲ್ಲ ಗೊತ್ತಿತ್ತು. ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲೇ ಕೂತುಬಿಡುತ್ತದೆಂದು ತಣ್ಣೀರು ತುಂಬಿಸಿದೆ, ಎರಡು ಸಲ ನೀರು ಬದಲಿಸಿದೆ, ಊರಿಗೆ ಗೊತ್ತಾಗುವುದು ಬೇಡ, ನೀನು ಬರುವ ಮೊದಲು ಮುಗಿಯಲಿ ಎಂದು ಅವಸರ ಮಾಡಿದೆ. ಅಮ್ಮ ನಿನ್ನನ್ನು ನಂಬಲಿಲ್ಲ ಎಂದು ನೀನು ಇಷ್ಟು ವರ್ಷ ತಿಳಿದಿದ್ದೀಯ. ಹಾಗಲ್ಲ ಮಗಳೇ. ನೀನು ಚಪ್ಪಲಿ ಬಿಡದೆ ಒಳಗೆ ಬಂದು ಮೊದಲ ಮಾತು ಆಡಿದಾಗಲೇ ನಂಬಿದ್ದೆ. ನಂಬದಿದ್ದರೆ ತೊಳೆಯುತ್ತಲೇ ಇರಲಿಲ್ಲ.