ಊಟದ ಹೊತ್ತಿಗೆ ಬಸ್ಸಿನಲ್ಲೇ ಉಳಿಯುವ ಅತ್ತೆಗೆ

ನನ್ನ ಡ್ರೈವರ್ ಅತ್ತೆಗೆ,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುವುದು ಎಂಥ ಹುಚ್ಚು ಎಂದು ನೀನು ನಗುತ್ತೀ. ನಗು. ಎದುರು ಕೂತು ಹೇಳೋಣವೆಂದರೆ ನೀನು ಮಾತನ್ನು ಅರ್ಧದಲ್ಲೇ ಹಿಡಿದು, ತಿರುಚಿ, ತಮಾಷೆ ಮಾಡಿ, ಕೊನೆಗೆ ನಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆಗೆ ಹೋಗುವಂತೆ ಮಾಡುತ್ತೀ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮಾವ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬಂದಿದ್ದರು, ಭಾನುವಾರಕ್ಕೆ ಒಂದು ಅಂಗಿ ಬೇಕೆಂದು. ಡಿಪೋದವರ ಪ್ರವಾಸವಂತೆ, ಮತ್ತೆ ಅದೇ ಆಟದ ಪಾರ್ಕಿಗಂತೆ. "ನೀನೂ ಬಾ, ನಿಮ್ಮತ್ತೆನೇ ಗಾಡಿ ಓಡಿಸೋದು" ಎಂದರು. ನನಗೆ ಖುಷಿಯಾಯಿತು. ಹಾಗಾದರೆ ಊಟಕ್ಕೆ ಅತ್ತೆಯ ಪಕ್ಕ ನನಗೇ ಜಾಗ ಎಂದೆ. ಮಾವ ಅಂಗಿಯ ಕಾಲರು ನೋಡುತ್ತಾ, ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು: "ಅವಳೆಲ್ಲಿ ಊಟಕ್ಕೆ ಬರ್ತಾಳೆ? ಗಾಡಿ ಬಿಟ್ಟು ಇಳಿಯೋದೇ ಇಲ್ಲ. ಡಬ್ಬಿ ತಂದಿರ್ತಾಳೆ, ಸೀಟಲ್ಲೇ ಕೂತು ತಿಂತಾಳೆ. ಪ್ರತಿ ವರ್ಷ ಅಷ್ಟೇ. ಕೇಳಿದ್ರೆ ಗಾಡಿ ಕಾಯ್ಬೇಕು ಅಂತಾಳೆ. ಬಸ್ಸನ್ನ ಯಾರಮ್ಮ ಜೇಬಲ್ಲಿಟ್ಕೊಂಡು ಹೋಗ್ತಾರೆ? ಆ ಸಲ ಹಂಗಾಯ್ತಲ್ಲ, ಆವಾಗಿಂದ ಹಿಂಗೆ."

ಆ ಸಲ. ನಮ್ಮ ಮನೆಯಲ್ಲಿ "ಆ ಸಲ" ಎಂದರೆ ಸಾಕು, ಅಪ್ಪನಿಗೆ ಆಗಲೇ ನಗು ಬಂದಿರುತ್ತದೆ. ನೆಂಟರು ಬಂದಾಗಲೆಲ್ಲ ಹೇಳುವ ಕಥೆ ಅದು. ಅದು ನಿನಗೆ ಬೇರೆ ಕಥೆಯಾಗಿತ್ತು ಎಂಬುದು ನನಗೆ ತಿಳಿದದ್ದು ನಿನ್ನೆ, ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದಾಗ.

ಅತ್ತೆ, ನನ್ನ ಬಾಲ್ಯವೆಂದರೆ ನಿನ್ನ ಸೀಟಿನ ಹಿಂದಿನ ಸೀಟು. ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ನಿನ್ನ ಬಸ್ಸಿನಲ್ಲಿ ಊರು ಸುತ್ತುವುದೇ ನನಗೆ ಕೆಲಸ. ಡಿಪೋದಲ್ಲಿ ಎಲ್ಲರೂ ನನ್ನನ್ನು ನಿನ್ನ ಬಾಲ ಎನ್ನುತ್ತಿದ್ದರು. ನಿನ್ನ ಅಗಲವಾದ ಬೆನ್ನು, ಅದರ ಆಚೆ ಗಾಜು, ಗಾಜಿನ ಆಚೆ ಬೀದಿ. ಬ್ರೇಕು ಹಾಕಿದಾಗ ಇಡೀ ಬಸ್ಸು ಮುಂದಕ್ಕೆ ವಾಲುತ್ತಿತ್ತು, ನಿನ್ನ ಬೆನ್ನು ಮಾತ್ರ ಗೋಡೆಯಂತೆ ಇರುತ್ತಿತ್ತು. ಮೆಕ್ಯಾನಿಕ್ ನಿನಗಾಗಿ ಆ ಸೀಟನ್ನು ಹಿಂದಕ್ಕೆ ಸರಿಸಿ ಕೂರಿಸಿಕೊಟ್ಟಿದ್ದ. ಬೇರೆ ಡ್ರೈವರು ಬಂದರೆ ಕಾಲು ಎಟುಕದೆ ಒದ್ದಾಡುತ್ತಿದ್ದ. ಓಡೋಡಿ ಬರುವ ಮುದುಕರನ್ನು ಕನ್ನಡಿಯಲ್ಲಿ ಕಂಡರೆ ನೀನು ಗಾಡಿ ನಿಧಾನ ಮಾಡುತ್ತಿದ್ದೆ. ಕಂಡಕ್ಟರಾದ ಮಾವ ಹಿಂದಿನಿಂದ ಸೀಟಿ ಊದಿ ಬೈಯುತ್ತಿದ್ದರು. ನೀವಿಬ್ಬರೂ ಮನೆಯ ಜಗಳವನ್ನೂ ಸೀಟಿಯಲ್ಲಿ, ಹಾರನ್ನಿನಲ್ಲಿ ಆಡಿ ಮುಗಿಸುತ್ತಿದ್ದಿರಿ.

ನನ್ನ ಓದು ಶುರುವಾದದ್ದೂ ಅಲ್ಲೇ. ಶಿಫ್ಟು ಮುಗಿದ ಮೇಲೆ ಸೀಟಿನ ಕೆಳಗೆ ಸಿಗುವ ಕರಪತ್ರ, ಸಣ್ಣ ಪುಸ್ತಿಕೆಗಳನ್ನೆಲ್ಲ ನೀನು ಎತ್ತಿಟ್ಟು ತರುತ್ತಿದ್ದೆ. "ತಗೋ, ಓದೋ ಹುಚ್ಚು ನಿಂಗೆ. ಓದಿದ್ರೂ ನಂಗರ್ಥ ಆಗಲ್ಲ, ಕೋಪದಲ್ಲಿ ಬರ್ದಿದಾರೆ ಅಂತ ಮಾತ್ರ ಗೊತ್ತಾಗುತ್ತೆ." ಕೆಲವಕ್ಕೆ ಮೊದಲ ಪುಟ ಇರುತ್ತಿರಲಿಲ್ಲ, ಕೆಲವಕ್ಕೆ ಕೊನೆಯದು. ಕೂಲಿ, ಬಾಡಿಗೆ, ಹೆಂಗಸರ ದುಡಿಮೆ, ಎಲ್ಲವನ್ನೂ ಅರ್ಧರ್ಧ ಓದಿದೆ. ಉಳಿದ ಅರ್ಧವನ್ನು ಸಿಟ್ಟಿನಿಂದ ನಾನೇ ತುಂಬಿಕೊಂಡೆ. ಅಪ್ಪ ನನ್ನನ್ನು "ಅರ್ಧ ಪುಟದ ಲೀಡರ್" ಎಂದು ಕರೆಯುವುದು ಸುಮ್ಮನೆ ಅಲ್ಲ.

ಆ ಸಲ ನನಗೆ ಹನ್ನೊಂದು ವರ್ಷ. ನೀನು, ಮಾವ, ಅಜ್ಜಿ, ಅಪ್ಪ, ಅಮ್ಮ, ನಾನು. ಎಲ್ಲರಿಗೂ ಒಟ್ಟಿಗೆ ರಜೆ ಸಿಕ್ಕಿದ್ದೇ ಆಶ್ಚರ್ಯ. ಪಾರ್ಕಿನ ಹೊರಗಿನ ವಸತಿಗೃಹದಲ್ಲಿ ಒಂದೇ ಕೋಣೆ ಹಿಡಿದು, ಅಜ್ಜಿಗೆ ಮಂಚ ಬಿಟ್ಟು ಉಳಿದವರು ನೆಲದ ಮೇಲೆ ಸಾಲಾಗಿ ಮಲಗಿದ್ದು, ಮಾವ ನಿದ್ದೆಯಲ್ಲಿ "ಟಿಕೆಟ್, ಟಿಕೆಟ್" ಎಂದದ್ದು, ಅಪ್ಪ ಕತ್ತಲಲ್ಲೇ "ಪಾಸ್ ಇದೆ ಮಲ್ಕೊಳ್ರಿ" ಎಂದದ್ದು. ಬೆಳಗ್ಗೆ ಡಿಕ್ಕಿ ಹೊಡೆಯುವ ಕಾರಿನ ಆಟಕ್ಕೆ ಹೋದೆವು. ಇಬ್ಬರು ಕೂರುವ ಕಾರಿನಲ್ಲಿ ನೀನೊಬ್ಬಳೇ ಕೂತೆ. ಆ ಆಟದ ಅರ್ಥವೇ ಇನ್ನೊಬ್ಬರಿಗೆ ಗುದ್ದುವುದು. ನೀನೋ ಕೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟೆ, ತಿರುವಿನಲ್ಲಿ ನಿಧಾನ ಮಾಡಿದೆ, ಗುದ್ದಲು ಬಂದವರಿಗೆಲ್ಲ ದಾರಿ ಬಿಟ್ಟೆ. ಗಂಟೆ ಹೊಡೆಯುವ ತನಕ ಒಂದು ಡಿಕ್ಕಿಯೂ ಇಲ್ಲ. ಆಟ ನಡೆಸುವವನು ತಲೆ ಕೆರೆದುಕೊಂಡು, "ಅಮ್ಮಾ, ಇಲ್ಲಿ ಗುದ್ದಬಹುದು" ಎಂದ. "ಲೈಸೆನ್ಸ್ ನೀನ್ ವಾಪಸ್ ಕೊಡಿಸ್ತೀಯಾ?" ಎಂದೆ ನೀನು. ಆ ಬೆಳಗ್ಗೆ ನಿನ್ನ ಮುಖ ಹೇಗಿತ್ತೆಂದು ನನಗೆ ಈಗಲೂ ಕಾಣುತ್ತದೆ. ಬಿಸಿಲಿಗೆ ಕೆಂಪಾಗಿ, ಬೆವೆತು, ಚಿಕ್ಕ ಹುಡುಗಿಯ ಹಾಗೆ.

ಆಮೇಲೆ ಊಟ. ಉದ್ದನೆಯ ಊಟದ ಹಾಲ್, ಎರಡು ಕಡೆಯೂ ಸಾಲು ಸಾಲು ಮೇಜು, ನಡುವೆ ಕಿರಿದಾದ ಓಣಿ. ಮೇಜು, ಬೆಂಚು ಎರಡನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ನಮ್ಮ ಸಾಲು ಒಂದೇ ಉದ್ದ ಬೆಂಚು, ಆ ತುದಿಯವರೆಗೂ ಜನ. ತಟ್ಟೆಗಳು ಬಂದವು. ಸೂಪು, ಬ್ರೆಡ್ಡು, ಹುರಿದ ಆಲೂಗಡ್ಡೆ. ನಾವೆಲ್ಲ ನುಸುಳಿ ಕೂತೆವು. ನೀನು ಕೊನೆಗೆ ಬಂದೆ, ನೇರವಾಗಿ ನೋಡಿದೆ, ಅಡ್ಡವಾಗಿ ತಿರುಗಿದೆ, ಹೊಟ್ಟೆ ಒಳಗೆಳೆದುಕೊಂಡೆ. ಆಗಲಿಲ್ಲ. "ವರ್ಷವಿಡೀ ಕೂತೇ ಇರ್ತೀನಿ, ಇವತ್ತೊಂದಿನ ನಿಂತ್ಕೊಂಡು ತಿಂತೀನಿ ಬಿಡಿ" ಎಂದೆ.

ಅಜ್ಜಿ ಬಿಡಲಿಲ್ಲ. ಚಮಚ ಕೆಳಗಿಟ್ಟು, "ನನ್ ಮಗಳು ಕೂರೋ ತನಕ ಯಾರೂ ತಟ್ಟೆ ಮುಟ್ಟೋ ಹಾಗಿಲ್ಲ" ಎಂದಳು. ಮಾವನಿಗೆ ಗಾಬರಿ. ಗಾಬರಿಯಾದರೆ ಮಾವನಿಗೆ ಬರುವುದು ಒಂದೇ ವಿದ್ಯೆ. ಎದ್ದು ನಿಂತು, ಬಸ್ಸಿನ ಆ ದನಿಯಲ್ಲಿ ಕೂಗಿಬಿಟ್ಟರು: "ಒಳಗೆ ಸರೀರಿ, ಒಳಗೆ ಸರೀರಿ, ಹಿಂದೆ ಜಾಗ ಖಾಲಿ ಇದೆ, ಬಾಗಿಲಲ್ಲಿ ನಿಲ್ಬೇಡಿ." ಇಡೀ ಸಾಲು ಸರಿಯಿತು, ಅತ್ತೆ. ಯಾರೂ ಯಾಕೆಂದು ಕೇಳಲಿಲ್ಲ. ತಟ್ಟೆ ಹಿಡಿದುಕೊಂಡು, ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಸರಿದರು, ಜೀವಮಾನವಿಡೀ ಬಸ್ಸಿನಲ್ಲಿ ಓಡಾಡಿದ ಜನ ತಾನೇ. ಆ ತುದಿಯಲ್ಲಿದ್ದ ಒಬ್ಬ ಮುದುಕ ಜಾಗವಿಲ್ಲದೆ ಟೀ ಲೋಟದ ಸಮೇತ ಓಣಿಗೆ ಜಾರಿ ಬಂದು ನಿಂತ. "ನನ್ ಸ್ಟಾಪು ಇನ್ನೂ ಬಂದಿಲ್ಲ ಕಣಪ್ಪ" ಎಂದ.

ಪಕ್ಕದಲ್ಲಿ ಜಾಗವೇನೋ ಬೇಕಾದಷ್ಟಾಯಿತು. ನಿನಗೆ ಬೇಕಿದ್ದದ್ದು ಬೆಂಚಿಗೂ ಮೇಜಿಗೂ ನಡುವಿನ ಜಾಗ. ಅದು ಬೋಲ್ಟ್ ಹಾಕಿದ್ದು, ಸರಿಯುವ ಪೈಕಿಯಲ್ಲ. ಎದೆಗೆ ಬಿಲ್ಲೆ ಹಾಕಿಕೊಂಡ ಮೇಲ್ವಿಚಾರಕ ಬಂದ. "ಮೇಡಂ ಬೇಕಾದ್ರೆ ಆಚೆ ಹುಲ್ಲಿನ ಮೇಲೆ ಕೂತ್ಕೋಬಹುದು" ಎಂದ. ಅಪ್ಪ ಹಾರಿಬಿದ್ದ. "ನನ್ ತಂಗಿ ಇಲ್ಲಿಗೆ ಹುಲ್ಲು ಮೇಯೋಕೆ ಬಂದಿಲ್ಲ" ಎಂದ, ಎಲ್ಲರಿಗೂ ಕೇಳುವಂತೆ. ಕೊನೆಗೆ ಅಡುಗೆಮನೆಯಿಂದ ತಟ್ಟೆ ತೊಳೆಯುವ ಹೆಂಗಸು ತಾನು ಕೂರುವ ಮರದ ಕುರ್ಚಿಯನ್ನು ತಂದು ಮೇಜಿನ ತುದಿಗೆ, ಓಣಿಯ ನಡುವೆ ಇಟ್ಟಳು. ನೀನು ಕೂತೆ. ತಟ್ಟೆ ಹಿಡಿದು ಹೋಗುವವರೆಲ್ಲ ನಿನ್ನನ್ನು ಸುತ್ತಿ, ಅಡ್ಡ ತಿರುಗಿ, ಮೈ ಕುಗ್ಗಿಸಿ ಹೋಗಬೇಕಾಯಿತು. ಯಾರೋ ಒಬ್ಬ ಅಂದ: "ಕಂಡಕ್ಟರೇ, ನಿಮ್ ಬಸ್ಸು ದಾರಿಗಡ್ಡ ನಿಂತಿದೆ." ನೀನು ಕತ್ತು ಕೂಡ ತಿರುಗಿಸದೆ, "ಓವರ್‌ಟೇಕ್ ಮಾಡ್ಕೊಂಡು ಹೋಗಣ್ಣ, ಹಾರನ್ ಹೊಡೀಬೇಡ" ಎಂದೆ. ಊಟಕ್ಕೆ ಕೂತವರೆಲ್ಲ ನಕ್ಕರು.

ನಮ್ಮ ಮನೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ನೆಂಟರು ಕಣ್ಣೊರೆಸಿಕೊಳ್ಳುತ್ತಾರೆ, ಅಮ್ಮ ಕಾಫಿ ತರುತ್ತಾಳೆ. ಎಷ್ಟೋ ಸಲ ಆ ಕಥೆ ಹೇಳುವಾಗ ನೀನೂ ಇದ್ದೆ. ಓವರ್‌ಟೇಕಿನ ಮಾತು ಬಂದಾಗ ನೀನೇ ಅಪ್ಪನಿಗಿಂತ ಮೊದಲು ಹೇಳಿಬಿಡುತ್ತಿದ್ದೆ.

ನಿನ್ನೆ ಮಾವ ಹೋದ ಮೇಲೆ ಕಥೆಯ ಮುಂದಿನ ಭಾಗವನ್ನು ನೆನಪು ಮಾಡಿಕೊಂಡೆ. ನೀನು ಎರಡು ಚಮಚ ಸೂಪು ಕುಡಿದೆ. ಬ್ರೆಡ್ಡು ನನ್ನ ತಟ್ಟೆಗೆ ಬಂತು, ಆಲೂಗಡ್ಡೆ ಮಾವನದಕ್ಕೆ. ಕೈ ತೊಳೆದು ಬರುತ್ತೇನೆಂದು ಎದ್ದವಳು ಬರಲಿಲ್ಲ. ನಾನೇ ಹುಡುಕಿಕೊಂಡು ಬಂದೆ. ನೀನು ಕಾರಿನ ಆಟದ ಕಟಕಟೆಗೆ ಒರಗಿ, ಗುದ್ದಾಡುವವರನ್ನು ನೋಡುತ್ತಾ ನಿಂತಿದ್ದೆ. ನನ್ನನ್ನು ಕಂಡು, "ನಂಗೆ ಹಸಿವೇ ಇರ್ಲಿಲ್ಲ ಕಣೇ" ಎಂದೆ. ನಾನು ಕೇಳಿಯೇ ಇರಲಿಲ್ಲ. ಆಮೇಲೆ ಒಂದೊಂದೇ ನೆನಪಾದವು. ಅಪ್ಪ ಹೋಟೆಲಿಗೆ ಕರೆದ ದಿನ ನಿನಗೆ ಡ್ಯೂಟಿ ಬದಲಾಗಿತ್ತು. ನನಗೆ ಕೆಲಸ ಸಿಕ್ಕ ಖುಷಿಗೆ ಹೊರಗೆ ಊಟವೆಂದರೆ ಆವತ್ತು ನಿನಗೆ ಹಲ್ಲುನೋವು. ಗೆಳತಿಯ ಮಗಳ ಮದುವೆಯಲ್ಲಿ ನೀನು ಬಡಿಸುವವರ ಜೊತೆ ಸೇರಿಕೊಂಡು ಕೊನೆಯ ತನಕ ನಿಂತೇ ಇದ್ದೆ, "ಎಷ್ಟು ಓಡಾಡ್ತಾಳೆ ನೋಡು" ಎಂದು ಎಲ್ಲರೂ ಹೊಗಳಿದರು.

ನನಗೆ ಸಿಟ್ಟು ಬಂದರೆ ಏನಾಗುತ್ತದೆಂದು ನಿನಗೆ ಗೊತ್ತು. ನಮ್ಮ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರಿಗೆ ಸ್ಟೂಲು ಬೇಕೆಂದು ಮಾಲೀಕನ ತಲೆ ತಿಂದವಳು ನಾನು. ಮೊದಲು ಕೆಲಸದಿಂದ ತೆಗೆಯುತ್ತೇನೆಂದ, ಆಮೇಲೆ ಸ್ಟೂಲು ತಂದ. ಕೂರುವುದು ಸಣ್ಣ ವಿಷಯ ಎನ್ನುವವರು ಯಾವಾಗಲೂ ಕೂತೇ ಇರುವವರು. ಬೆಂಚು ಮಾಡಿದವನು ಯಾರನ್ನು ನೋಡಿ ಅಳತೆ ತೆಗೆದ? ಒಂದು ಸಾಲು ಹೆಚ್ಚು ಹಿಡಿಸಲೆಂದು ಮನುಷ್ಯರನ್ನೇ ಒತ್ತಿ, ಹಿಡಿಸದವರು ತಾವೇ ನಾಚಿಕೊಂಡು ಆಚೆ ಹೋಗುವಂತೆ ಮಾಡುವುದು ಅನ್ಯಾಯ. ಅದಕ್ಕೆ ಬೇರೆ ಹೆಸರಿಲ್ಲ. ಇಷ್ಟು ವರ್ಷ ನೀನು ಬೋಲ್ಟಿನ ತಪ್ಪನ್ನು ನಿನ್ನ ಮೈಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಕೂತಿದ್ದೀ.

ಹಾಗಾಗಿ ನಿನ್ನೆ ಮನೆಗೆ ಹೋಗುವಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು. ಭಾನುವಾರ ಆ ಊಟದ ಹಾಲ್‌ನ ನಡುವೆ ನಿಲ್ಲುವುದು, ಎಲ್ಲ ಅಳತೆಯವರಿಗೂ ಕುರ್ಚಿ ಬೇಕೆಂದು ಕೇಳುವುದು, ಡಿಪೋದವರೆಲ್ಲರ ಸಹಿ ಹಾಕಿಸುವುದು. ಭಾಷಣದ ಮೊದಲ ಸಾಲೂ ಬರೆದೆ. ಅದರಲ್ಲಿ ನೀನಿದ್ದೆ. "ನನ್ನ ಅತ್ತೆಯಂಥವರು" ಎಂದು ಬರೆದಿದ್ದೆ.

ಅಲ್ಲಿ ಪೆನ್ನು ನಿಂತಿತು. ಆ ಸಲ ಅಜ್ಜಿ ನಿನಗಾಗಿ ಚಮಚ ಕೆಳಗಿಟ್ಟಳು. ಮಾವ ನಿನಗಾಗಿ ಸಾಲನ್ನೇ ಸರಿಸಿದರು. ಅಪ್ಪ ನಿನಗಾಗಿ ಜಗಳವಾಡಿದ. ಆ ಹೆಂಗಸು ನಿನಗಾಗಿ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಎಲ್ಲರೂ ಒಳ್ಳೆಯವರೇ, ಎಲ್ಲರೂ ನಿನ್ನ ಕಡೆಯವರೇ. ಆದರೆ ಆ ಓಣಿಯ ನಡುವೆ ನಿಂತಿದ್ದ ನಿನ್ನನ್ನು, ನಿನಗೆ ಏನು ಬೇಕು ಎಂದು ಒಬ್ಬರೂ ಕೇಳಲಿಲ್ಲ.

ಅದಕ್ಕೆ ಈಗ ಕೇಳುತ್ತೇನೆ. ಒಳಗೆ ಬಂದು ನಮ್ಮ ಜೊತೆ ಮೇಜಿನ ಮುಂದೆ ಕೂತು ಉಣ್ಣಬೇಕು ಅನ್ನಿಸುತ್ತದೆಯೇ? ಹಾಗಾದರೆ ನಾನು ಮೊದಲೇ ಹೋಗಿ, ನಿನ್ನ ಹೆಸರೆತ್ತದೆ, ಗಟ್ಟಿ ಮಾತಾಡದೆ, ಓಣಿಗೆ ಅಡ್ಡವಾಗದ ಒಳ್ಳೆಯ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಬರುತ್ತೇನೆ. ಬಸ್ಸೇ ಹಾಯೆನ್ನಿಸುತ್ತದೆಯೇ? ನನ್ನ ಡಬ್ಬಿ ತೆಗೆದುಕೊಂಡು ನಿನ್ನ ಹಿಂದಿನ ಸೀಟಿಗೆ ಬರುತ್ತೇನೆ. ಇಲ್ಲ, ವರ್ಷವಿಡೀ ಜನರನ್ನು ಹೊತ್ತು ತಿರುಗುವ ನಿನಗೆ ಆ ಒಂದು ಗಂಟೆ ಯಾರೂ ಇಲ್ಲದೆ ಇರುವುದೇ ಇಷ್ಟವೇ? ಅದನ್ನೂ ಹೇಳು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಉಣ್ಣುತ್ತೇನೆ. ಬಾಯಿ ಮುಚ್ಚುವುದು ನನಗೆಷ್ಟು ಕಷ್ಟವೆಂದು ನಿನಗೆ ಗೊತ್ತು. ಬೆಂಚಿನ ಜಗಳ ನನ್ನದು, ಅದನ್ನು ನಿನ್ನನ್ನು ಮುಂದಿಟ್ಟುಕೊಳ್ಳದೆ ಬೇರೆ ದಿನ ಆಡುತ್ತೇನೆ. ನಿನಗೇನು ಬೇಕು ಎಂಬುದು ಮಾತ್ರ ನಿನ್ನದು. "ನಂಗೇನೂ ಬೇಡ ಕಣೇ" ಎಂಬ ಉತ್ತರವನ್ನು ನಾನು ತೆಗೆದುಕೊಳ್ಳುವುದಿಲ್ಲ.

ಭಾನುವಾರ ಬೆಳಗ್ಗೆ ಡಿಪೋ ಗೇಟಿನ ಹತ್ತಿರ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತೇನೆ. ಬಾಗಿಲು ತೆಗೆದಾಗ ಹೇಳು. ಮಾವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರೂ ಸಾಕು, ನನಗೆ ಕೇಳಿಸುತ್ತದೆ.

ನಿನ್ನ ದಾರಿಯ ಸಿಗ್ನಲ್ಲುಗಳೆಲ್ಲ ಹಸಿರಾಗಿರಲಿ, ಅತ್ತೆ.

ಇಂತಿ,
ನಿನ್ನ ಬಾಲ