ನೀರಿನಲ್ಲಿ ನನ್ನ ತಲೆ

ಮೊಮೊಸೆ ಅಜ್ಜನಿಗೆ ಗುರುಂಗ್ ತಲೆಬಾಗಿ ಹೇಳುವುದು,

ಕಾಗದವೆಂದರೆ ಮೊದಲು ಹವೆಯ ಸುದ್ದಿ, ಆಮೇಲೆ ಹೊಟ್ಟೆಯೊಳಗಿನ ಮಾತು ಎಂದು ಕಲಿಸಿದವರು ನೀವೇ. ಹಾಗಾಗಿ ಕೇಳಿ. ಇಲ್ಲಿ ನೀಗಾತದಲ್ಲಿ ನಿನ್ನೆಯಿಂದ ಸಮುದ್ರದ ಗಾಳಿ. ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿದೆ. ಅದರ ನಡುವೆ ಹಂಸಗಳು ಬಂದಿಳಿದಿವೆ, ಸೈಬೀರಿಯಾದಿಂದಂತೆ. ನನಗಿಂತ ದೂರದಿಂದ ಬಂದವರನ್ನು ಕಂಡರೆ ನನಗೇನೋ ಸಮಾಧಾನ.

ನಿಮ್ಮ ಕಣ್ಣಿಗೆ ಈಗ ಅಕ್ಷರ ಸಿಗುವುದಿಲ್ಲವೆಂದು ತಿಳಿಯಿತು. ಅದಕ್ಕೇ ಬರೆಯದೆ ಫೋನಿಗೆ ಹೇಳುತ್ತಿದ್ದೇನೆ. ಕಾಮಿಜೋ ಟೀಚರ್ ನಿಮಗೆ ಕೇಳಿಸುತ್ತಾರೆ. ಟೀಚರ್, ನಿಮ್ಮ ಹೆಸರು ಬರುವ ಕಡೆ ನಿಲ್ಲಿಸಿ ವಾದಕ್ಕೆ ಇಳಿಯಬೇಡಿ, ಪೂರ್ತಿ ಕೇಳಿಸಿ.

ಅಜ್ಜ, ನೀವು ನನಗೆ ಆಡಿದ ಮೊದಲ ಮಾತು ಬೈಗುಳ. ನಾನು ಊಟದ ಡಬ್ಬಿ ತುಂಬುವ ಕಾರ್ಖಾನೆಯಿಂದ ಬೆಳಗಿನ ಜಾವ ಸೈಕಲ್ ತುಳಿದುಕೊಂಡು ಬರುತ್ತಿದ್ದೆ. ಎರಡು ವರ್ಷದಲ್ಲಿ ಅದು ಮೂರನೆಯ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಪೋಖರಾದಲ್ಲಿ ನಮ್ಮಮ್ಮ ಬೈಯುತ್ತಿದ್ದಳು, ಇಲ್ಲಿ ಬೈಯುವವರೂ ಇರಲಿಲ್ಲ. ನಿಮ್ಮೂರಿನ ಕಪ್ಪು ಕೋಟೆಯ ಕಂದಕ ತಿರುಗುವ ಮೂಲೆಯಲ್ಲಿ, ಕಲ್ಲಿನ ಅಂಚಿಗೆ ಬಂದು ನಿಂತಿದ್ದೆನಷ್ಟೆ. ಆಚೆ ದಡದಲ್ಲಿ ಏಳೆಂಟು ಹಿರಿಯರು ಮುಕ್ಕಾಲಿಯ ಮೇಲೆ ತೋಳುದ್ದದ ಕ್ಯಾಮೆರಾ ಇಟ್ಟು ಸಾಲಾಗಿ ಕೂತಿದ್ದರು. ಯಾರೂ ಕೋಟೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ನೀರಿನ ಮೇಲೆ. ಅಷ್ಟರಲ್ಲಿ ನಿಮ್ಮ ದನಿ ಬಂತು: “ಏಯ್, ನಿನ್ನ ತಲೆ ನೀರಲ್ಲಿ ಬಿದ್ದಿದೆ, ತೆಗಿಯೋ!”

ನಾನು ಹೆದರಿ ತಲೆ ಮುಟ್ಟಿ ನೋಡಿಕೊಂಡೆ. ನೀವೆಲ್ಲ ನಕ್ಕಿರಿ. ಆಮೇಲೆ ನೀವೇ ಕರೆದು, ಜೇಬಿನಲ್ಲಿ ಬೆಚ್ಚಗಿಟ್ಟಿದ್ದ ಕಾಫಿ ಡಬ್ಬಿ ನನ್ನ ಕೈಗಿಟ್ಟು, ಕ್ಯಾಮೆರಾದ ಕಿಂಡಿಯಲ್ಲಿ ನೋಡಿಸಿದಿರಿ. ಕೋಟೆ ತಲೆಕೆಳಗಾಗಿ ನೀರಿನಲ್ಲಿ ಮಲಗಿತ್ತು, ಹಿಂದೆ ಹಿಮದ ಬೆಟ್ಟ. ನಾನು ಅಂಚಿನಲ್ಲಿ ನಿಂತಾಗ ಅದರ ಪಕ್ಕದಲ್ಲೇ ನನ್ನ ತಲೆಯ ನೆರಳೂ ಬಿದ್ದಿತ್ತಂತೆ. ಬಾತೊಂದು ಈಜಿ ಬಂದು ಅಷ್ಟು ದೊಡ್ಡ ಕೋಟೆಯನ್ನು ಮಡಚಿಟ್ಟು ಹೋಯಿತು. “ಗಾಳಿ ಏಳೋವರೆಗೆ ಅರ್ಧ ಗಂಟೆ ಸಿಗುತ್ತೆ. ಅಷ್ಟೇ ನಮ್ಮ ಆಸ್ತಿ” ಎಂದಿರಿ. ಮರುದಿನವೂ ಬಂದೆ. ಅದರ ಮರುದಿನವೂ.

ಐವತ್ತು ವರ್ಷ ತತಾಮಿ ಚಾಪೆ ಹೊಲಿದ ಕೈ ನಿಮ್ಮದು. ನಿಮಗೆ ಬೇಕಾಗಿದ್ದು ಒಂದೇ ಚಿತ್ರ. ಸುಕ್ಕಿಲ್ಲದ ನೀರಿನಲ್ಲಿ ಕೋಟೆ, ಅದರ ಮೇಲೆ ಮಿಂಚುಳ್ಳಿ. ಆ ಹಕ್ಕಿ ಯಾವಾಗಲೂ ದೂರದ ಮರದ ಕೊಂಬೆಗೇ ಬರುತ್ತಿತ್ತು, ನೀರಿನಲ್ಲಿ ಬಿದ್ದ ಕೋಟೆಯ ನೆರಳಿನ ಕಡೆಗೆ ಬರುತ್ತಿರಲಿಲ್ಲ. ನಿಮ್ಮ ಕಣ್ಣಿನ ನಡುವೆ ಮಸಿ ಬೀಳಲು ಶುರುವಾಗಿತ್ತು. ನೇರ ನೋಡಿದ್ದು ಅಳಿಸಿಹೋಗುತ್ತದೆ, ಓರೆಯಾಗಿ ನೋಡಿದ್ದು ಉಳಿಯುತ್ತದೆ. ಬೇಸಿಗೆಯ ಹೊತ್ತಿಗೆ ಓರೆಯದೂ ಮಬ್ಬಾದೀತು ಎಂದಿದ್ದರು ಡಾಕ್ಟರು. “ಚಿತ್ರ ತೆಗೆದರೆ ಸಾಲದು, ಅದನ್ನ ನನ್ನ ಕಣ್ಣಲ್ಲೇ ನೋಡಬೇಕು” ಎಂದು ನೀವು ಒಂದೇ ಒಂದು ಸಲ, ಮೂಗು ಒರೆಸಿಕೊಳ್ಳುತ್ತಾ ಹೇಳಿದ್ದಿರಿ.

ಕಂದಕದ ಕಟ್ಟಳೆ ನನಗೆ ಗೊತ್ತಿತ್ತು. ಹಕ್ಕಿಗೆ ತಿಂಡಿ ಹಾಕಬಾರದು, ಕೂಗಬಾರದು, ಕಂಡವನು ಕೈ ಎತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಕ್ಕಿ ಕೂರಲೆಂದು ನೀರಿನಲ್ಲಿ ಕಡ್ಡಿ ನೆಡಬಾರದು. ಆದರೂ ಕಾಯುವುದು ನನ್ನ ಜಾಯಮಾನವಲ್ಲ. ಒಂದು ದಿನ ನೀವೆಲ್ಲ ಬರುವ ಮೊದಲೇ ಕಾರ್ಖಾನೆಯ ಹಿಂದಿನ ಬಿದಿರೊಂದನ್ನು ಕೊಯ್ದು ತಂದು, ಕೋಟೆಯ ನೆರಳು ಬೀಳುವಲ್ಲಿ ಊರಿದೆ.

ಮಿಂಚುಳ್ಳಿ ಬಂತು. ಆ ಬಿದಿರಿನ ಮೇಲೆಯೇ ಕೂತಿತು. ಸಾಲಿನಲ್ಲಿ ಇಬ್ಬರು ಮೂವರು ಕ್ಲಿಕ್ಕಿಸಿಯೂ ಬಿಟ್ಟರು. ನಿಮ್ಮ ಬೆರಳು ಗುಂಡಿಯ ಮೇಲಿತ್ತು. ನೀವು ಮುಖ ಓರೆ ಮಾಡಿ ಒಂದು ಗಳಿಗೆ ನೋಡಿದಿರಿ, ಆಮೇಲೆ ಟಿಕ್ ಎಂದು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದಿರಿ. “ಈಗಷ್ಟೇ ಕೊಯ್ದ ಬಿದಿರು” ಎಂದಿರಿ, ಅಷ್ಟೇ.

ಸಾಲಿನಲ್ಲಿದ್ದ ಕಾಮಿಜೋ ಟೀಚರ್ ಎದ್ದು ನಿಂತರು. ನಲವತ್ತು ವರ್ಷ ಮಕ್ಕಳನ್ನು ಹೆದರಿಸಿದ ಗಂಟಲು ಅವರದು. “ಯಾರದ್ರೀ ಈ ಘನಂದಾರಿ ಕೆಲಸ?”

ನಾಳೆಯಿಂದ ಈ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋದರಾಯಿತು, ಬೇಕಾದರೆ ಊರನ್ನೇ ಬಿಟ್ಟರಾಯಿತು ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ. ನೀವು ನನ್ನ ಒದ್ದೆ ಷೂಗಳತ್ತ ಓರೆಯಾಗಿ ನೋಡಿ, ಟೋಪಿ ತೆಗೆದು ಸಾಲಿನ ಎಲ್ಲರಿಗೂ ಬಾಗಿದಿರಿ. “ನಮ್ಮವನ ಕೆಲಸ. ಅಂದ್ರೆ ನನ್ನದೇ. ತಪ್ಪಾಯ್ತು.”

ನಮ್ಮವನು. ಈ ದೇಶಕ್ಕೆ ಬಂದು ಆರು ವರ್ಷವಾಗಿತ್ತು ಅಜ್ಜ. ನೇಪಾಳದವನು, ರಾತ್ರಿ ಪಾಳಿಯವನು, ಕಾರ್ಖಾನೆಯ ಎರಡನೇ ಸಾಲಿನವನು, ಎಲ್ಲ ಆಗಿದ್ದೆ. ಇದೊಂದು ಆಗಿರಲಿಲ್ಲ.

ಆ ಭಾನುವಾರ ನೀವು ಹಳೆಯ ಕೋಟು ಹಾಕಿ, ಟೈ ಕಟ್ಟಿ, ಏಳು ಪೆಟ್ಟಿಗೆ ಸಿಹಿಯೊಂದಿಗೆ ನನ್ನನ್ನು ಸಾಲಿನವರ ಏಳು ಮನೆಗೂ ಕರೆದೊಯ್ದಿರಿ. ಪ್ರತಿ ಹೊಸ್ತಿಲಲ್ಲೂ ನನಗಿಂತ ಮೊದಲು ನಿಮ್ಮ ಬೆನ್ನು ಬಾಗುತ್ತಿತ್ತು. ಕೊನೆಯದು ಟೀಚರ್ ಮನೆ. “ಇಷ್ಟೇನಾ ಬಗ್ಗೋದು? ಬೆಟ್ಟದೋರಿಗೆ ಸೊಂಟ ಇರಲ್ವಾ?” ಎಂದು ನನ್ನನ್ನು ಇನ್ನೊಮ್ಮೆ ಬಗ್ಗಿಸಿದರು. ಆಮೇಲೆ ನಾವು ಕೊಟ್ಟ ಪೆಟ್ಟಿಗೆಯನ್ನೇ ಬಿಚ್ಚಿ ನಮಗೇ ಚಹಾದ ಜೊತೆ ಕೊಟ್ಟು ಶಿಕ್ಷೆ ವಿಧಿಸಿದರು: “ಕಡ್ಡಿ ನೆಡೋ ಬದಲು ನೀನೇ ಕಡ್ಡಿ ಹಾಗೆ ನಿಂತ್ಕೋ. ಆ ಮೂಲೆಯ ಮರದ ಹಿಂದೆ. ಹಕ್ಕಿ ಬಂದರೆ ಕೈ ಎತ್ತು. ನಿಮ್ಮಜ್ಜನಿಗೆ ಹಕ್ಕಿ ಕಾಣದಿದ್ರೂ ನಿನ್ನ ಕೈಯಾದ್ರೂ ಕಾಣುತ್ತೆ, ಮರದಷ್ಟುದ್ದ ಇದ್ದೀಯಲ್ಲ!”

ನಿಂತೆ. ಜೀವಮಾನದಲ್ಲಿ ಮೊದಲ ಸಲ ನಿಂತಲ್ಲೇ ನಿಂತೆ. ಇಪ್ಪತ್ತೊಂಬತ್ತು ಬೆಳಿಗ್ಗೆ. ಬರುಬರುತ್ತಾ ಯಾವ ಬಾತು ಯಾವುದರ ಜೊತೆ ಜಗಳ ಕಾಯುತ್ತದೆ, ಬಕ ಎಷ್ಟು ಹೊತ್ತಿಗೆ ಕಾಲು ಬದಲಿಸುತ್ತದೆ ಎಲ್ಲ ಗೊತ್ತಾಯಿತು. ನೀರು ಅಂಚಿನಲ್ಲಿ ಹೆಪ್ಪುಗಟ್ಟತೊಡಗಿದ ಡಿಸೆಂಬರಿನ ಒಂದು ಬೆಳಿಗ್ಗೆ, ಯಾರೂ ಕರೆಯದೆ, ತನ್ನ ಹಸಿವಿಗೆ ತಾನೇ, ಮಿಂಚುಳ್ಳಿ ಕೋಟೆಯ ನೆರಳಿನ ಮೇಲೆ ಬಂದು ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಂತಿತು. ನಾನು ಕೈ ಎತ್ತಿದೆ. ಖುಷಿಗೆ ಮರದ ಹಿಂದಿರಬೇಕಾದವನು ಅಂಚಿಗೇ ಓಡಿಬಂದಿದ್ದೆ. ನಿಮ್ಮ ಕ್ಯಾಮೆರಾದ ಸದ್ದು ಒಂದೇ ಸಲ ಕೇಳಿಸಿತು. ಹಕ್ಕಿ ನೀರಿಗೆ ಬಿತ್ತು, ಕೋಟೆ ಒಡೆಯಿತು, ಕೊಕ್ಕಿನಲ್ಲಿ ಮೀನು ಹಾರಿಹೋಯಿತು.

ಟೀಚರ್ ಚಿತ್ರ ನೋಡಿ ಹಣೆ ಹಣೆ ಬಡಿದುಕೊಂಡರು. ಕೋಟೆಯಿತ್ತು, ಹಕ್ಕಿಯಿತ್ತು. ಪಕ್ಕದಲ್ಲಿ ತಲೆಕೆಳಗಾಗಿ ನನ್ನ ತಲೆ, ಬಾಯಿ ತೆರೆದುಕೊಂಡು, ಒಂದು ಕೈ ಚಾಚಿ, ಮುಳುಗುತ್ತಿರುವವನ ಹಾಗೆ. ನನಗೆ ಅಳುವೇ ಬಂತು. “ಕತ್ತರಿಸಿಬಿಡೋಣ, ಕೋಟೆಗೇನೂ ಆಗಲ್ಲ” ಎಂದರು ಟೀಚರ್.

ನೀವು ದೊಡ್ಡದಾಗಿ ಅಚ್ಚು ಹಾಕಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮುಖ ಓರೆ ಮಾಡಿ, ಕಾಗದವನ್ನು ಅತ್ತ ಇತ್ತ ಸರಿಸುತ್ತಾ ಹುಡುಕಿದಿರಿ. ಮೊದಲು ಕೋಟೆ ಸಿಕ್ಕಿತು. ಆಮೇಲೆ ನನ್ನ ಕೈ. ಆ ಕೈ ಹಿಡಿದುಕೊಂಡೇ ಹೋಗಿ ಹಕ್ಕಿಯನ್ನು ಮುಟ್ಟಿದಿರಿ. “ಆಹಾ, ನೀಲಿ” ಎಂದಿರಿ. ಚಿತ್ರದಿಂದ ಬೆರಳು ತೆಗೆಯದೆಯೇ ಟೀಚರಿಗೆ ಹೇಳಿದಿರಿ: “ಇವನನ್ನ ಕತ್ತರಿಸಿದ್ರೆ ನನಗೆ ಹಕ್ಕಿಯ ದಾರಿ ತಪ್ಪುತ್ತೆ ಕಣಮ್ಮ.”

ವಸಂತದಲ್ಲಿ ಬಡಾವಣೆಯ ಸಭಾಂಗಣದ ಪ್ರದರ್ಶನದಲ್ಲಿ ಅದನ್ನು ಹಾಗೆಯೇ ತೂಗುಹಾಕಿದಿರಿ. ಚೀಟಿಯಲ್ಲಿ ಹೆಸರು: ‘ಕಂದಕದವರು’. ಯಾರೋ ಹೆಂಗಸು ನಗುತ್ತಾ, “ಈ ತಲೆ ಯಾರದಪ್ಪಾ?” ಎಂದು ಕೇಳಿದರು. ಕುರ್ಚಿಯಲ್ಲಿ ಕೂತಿದ್ದ ನೀವು ಅತ್ತ ತಿರುಗದೆಯೇ ಹೇಳಿದಿರಿ: “ನಮ್ಮವನದು.”

ನಾನು ಬಾಗಿಲ ಬಳಿ ಚಪ್ಪಲಿ ಜೋಡಿಸುವ ನೆಪದಲ್ಲಿ ಕೂತುಬಿಟ್ಟೆ. ಆಗ ಹೇಳಬೇಕಿದ್ದ ಮಾತನ್ನು ಹೇಳಲಿಲ್ಲ. ಬೇಸಿಗೆಯಲ್ಲಿ ಕಾಲು ಮತ್ತೆ ತುರಿಸಿತು, ಈ ಊರಿನ ಕೆಲಸ ಹಿಡಿದೆ. “ಹೋಗಿ ಬರ್ತೀನಿ” ಎಂದೆ, ನೀವು ನಿಮ್ಮ ಹಳೆಯ ಕ್ಯಾಮೆರಾವನ್ನು ನನ್ನ ಚೀಲಕ್ಕೆ ತುರುಕಿದಿರಿ. ಆಗಲೂ ಹೇಳಲಿಲ್ಲ. ಒಂದು ಉಪಕಾರಕ್ಕೆ ಮೂರು ಸಲ ಕೃತಜ್ಞತೆ ಹೇಳುವ ಜನದ ನಡುವೆ ಇದ್ದು ನಾನು ಒಂದು ಸಲವೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಟೀಚರ್, ದನಿ ಸ್ವಲ್ಪ ಜಾಸ್ತಿ ಮಾಡಿ. ಅಜ್ಜ, ನೀವು ನನಗಾಗಿ ಏಳು ಹೊಸ್ತಿಲಲ್ಲಿ ಬಾಗಿದ್ದನ್ನು ನಾನು ಮರೆತಿಲ್ಲ. ನಿಮ್ಮಿಂದ ನನಗೊಂದು ಊರಾಯಿತು.

ಇವತ್ತು ಬೆಳಿಗ್ಗೆ ಇಲ್ಲಿನ ಕೆರೆಯಲ್ಲಿ ಹಂಸಗಳನ್ನು ಕಾಯುತ್ತಿದ್ದೆ. ಗಾಳಿ ಒಂದಿಷ್ಟು ಹೊತ್ತು ನಿಂತಿತ್ತು. ಇಲ್ಲಿನ ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ವಿಯೆಟ್ನಾಂನ ಹುಡುಗಿ ಸೈಕಲ್ ಹಿಡಿದು ಎದುರು ದಂಡೆಯಲ್ಲಿ ಬಂದು ನಿಂತಳು. ಅವಳ ತಲೆ ಸರಿಯಾಗಿ ಎರಡು ಹಂಸಗಳ ನಡುವೆ ನೀರಿನಲ್ಲಿ ಬಿತ್ತು. ಕೂಗಲು ಬಾಯಿ ತೆರೆದೆ. ನಿಮ್ಮ ದನಿಯೇ ಬರುವುದರಲ್ಲಿತ್ತು. ಬಾಯಿ ಮುಚ್ಚಿ ಗುಂಡಿ ಒತ್ತಿದೆ. ಆಮೇಲೆ ಹೋಗಿ ಒಂದು ಬಿಸಿ ಕಾಫಿ ಡಬ್ಬಿ ಕೊಟ್ಟೆ. “ನಾನು ಅಡ್ಡ ಬಂದೆನಾ?” ಎಂದು ಕೇಳಿದಳು. “ಬಂದಿರಿ, ನಾಳೆಯೂ ಬನ್ನಿ” ಎಂದೆ.

ಡಿಸೆಂಬರಿನ ಮೊದಲ ಭಾನುವಾರ ರಜೆ ಬರೆದಿದ್ದೇನೆ. ನೀವು ನಿಮ್ಮ ಜಾಗದಲ್ಲಿ ಕೂತಿರಿ, ಕ್ಯಾಮೆರಾ ಬೇಡ. ನಾನು ಆ ಮೂಲೆಯಲ್ಲಿ ನಿಲ್ಲುತ್ತೇನೆ. ಹಕ್ಕಿ ಬಂದರೆ ಕೈ ಎತ್ತುತ್ತೇನೆ. ಕೈಯೂ ಕಾಣದಿದ್ದರೆ ಟೀಚರ್ ನಿಮ್ಮ ಕಿವಿಯಲ್ಲಿ ಹೇಳುತ್ತಾರೆ: ಅಗೋ, ನಿಮ್ಮವನ ತಲೆ ನೀರಿನಲ್ಲಿ ಬಿತ್ತು ಎಂದು.

ಅಲ್ಲಿಯವರೆಗೆ ನಿಮ್ಮ ಕಂದಕದಲ್ಲಿ ದಿನವೂ ಗಾಳಿ ತಡವಾಗಿ ಏಳಲಿ.

ಇಂತಿ,
ನಿಮ್ಮವನು
ಕ್ಷಿತಿಜ್ ಗುರುಂಗ್